ಅಂಟಿಕೊಂಡ ಎರಡು ಹಾಳೆ

ಆ ಒಂದೂವರೆ ವರ್ಷ ನೆನಪಾದರೆ ನನಗೆ ಮೊದಲು ನೋಯುವುದು ಬಲಗೈ ಮಣಿಕಟ್ಟು, ಆಮೇಲೆ ತಲೆ. ಕೊರೊನಾ ಬಂದು ಶಾಲೆ ಮುಚ್ಚಿದಾಗ ನನ್ನ ಮಗಳು ಒಂದನೆಯ ತರಗತಿಯ ಕೊನೆಯಲ್ಲಿದ್ದಳು. ಮತ್ತೆ ತೆರೆಯುವ ಹೊತ್ತಿಗೆ ಮೂರನೆಯ ತರಗತಿಗೆ ಬಂದಿದ್ದಳು. ನಡುವಿನ ಓದೆಲ್ಲ ನಡೆದದ್ದು ನಮ್ಮ ಅಡುಗೆಮನೆಯಲ್ಲಿ, ಉರಿಯುವ ಒಲೆಯ ಪಕ್ಕದಲ್ಲಿ. ಅದನ್ನು ಶಾಲೆ ಎನ್ನುವುದಾದರೆ ಅನ್ನಲಿ, ನಾನು ಬೇಡ ಎನ್ನುವುದಿಲ್ಲ.

ನಮ್ಮದು ಕಲ್ಲೋಳಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು. ಮನೆಯಲ್ಲಿ ನಾಲ್ಕು ಜನ: ಗಂಡ, ಅತ್ತೆ, ನಾನು, ಮಗಳು. ತುಸು ಹೊಲ ಇದೆ, ಆದರೆ ಮನೆ ನಡೆಯುವುದು ರೊಟ್ಟಿಯ ಮೇಲೆ. ನಾನು ಜೋಳದ ಖಡಕ್ ರೊಟ್ಟಿ ಬಡಿಯುತ್ತೇನೆ. ಗಂಡ ಅವನ್ನು ಡಬ್ಬಿಗಳಲ್ಲಿ ತುಂಬಿ, ಬೈಕಿಗೆ ಕಟ್ಟಿಕೊಂಡು, ಗೋಕಾಕದ ಖಾನಾವಳಿಗಳಿಗೂ ಮೂಡಲಗಿಯ ಅಂಗಡಿಗಳಿಗೂ ಹಾಕಿ ಬರುತ್ತಾರೆ. ಮೊದಲ ಲಾಕ್‌ಡೌನಿನಲ್ಲಿ ಖಾನಾವಳಿ ಮುಚ್ಚಿದವು, ಒಲೆಯೂ ತಣ್ಣಗಾಯಿತು. ಪಾರ್ಸೆಲ್ ಶುರುವಾದದ್ದೇ ತಡ, ಹಿಂದಿಗಿಂತ ಹೆಚ್ಚು ರೊಟ್ಟಿ ಬೇಕು ಎಂದರು. ಬೆಳಿಗ್ಗೆ ಒಂದು ಸರತಿ, ಮಧ್ಯಾಹ್ನ ಒಂದು ಸರತಿ. ನನಗೆ ಅಡ್ಡ ಬೀಳಲು ಒಂದು ಗಳಿಗೆ ಇರಲಿಲ್ಲ.

ದೊಡ್ಡ ಫೋನು ಇದ್ದದ್ದು ಒಂದೇ, ಅದು ಗಂಡನ ಜೇಬಿನಲ್ಲಿ. ಊಟಕ್ಕೆ ಅವರು ಮನೆಗೆ ಬಂದಾಗ ಫೋನೂ ಬರುತ್ತಿತ್ತು, ಅವರು ಎರಡನೆಯ ಸುತ್ತಿಗೆ ಹೊರಟಾಗ ಅದೂ ಹೊರಡುತ್ತಿತ್ತು. ನಡುವೆ ಸಿಗುವ ಎರಡು ತಾಸಿನಲ್ಲಿ ಮಗಳ ಶಾಲೆ ಮುಗಿಯಬೇಕು. ತರಗತಿಯ ಅಕ್ಕೋರು ಬೆಳಿಗ್ಗೆಯೇ ವಾಟ್ಸಾಪ್ ಗುಂಪಿಗೆ ಪಾಠ ಹಾಕಿರುತ್ತಿದ್ದರು. ಬರೆಯುವ ಕೆಲಸ ಇಷ್ಟು, ಲೆಕ್ಕ ಇಷ್ಟು, ಕೊನೆಗೆ ಅವರೇ ಪಾಠ ಓದಿದ ಧ್ವನಿ. ಮಕ್ಕಳು ಅದನ್ನು ಕೇಳಿ, ಪುಸ್ತಕ ಹಿಡಿದು ತಾವೂ ಓದಿ, ತಮ್ಮ ಧ್ವನಿ ಕಳುಹಿಸಬೇಕು. ಕೇಳಲು ಎಷ್ಟು ಸುಲಭ! ಆ ಎರಡು ತಾಸು ನನ್ನ ಎರಡನೆಯ ಸರತಿಯ ಹೊತ್ತು ಎಂದು ಅಕ್ಕೋರಿಗೆ ಹೇಳುವವರು ಯಾರು?

ರೊಟ್ಟಿ ಬಡಿಯುವವಳಿಗೆ ಎರಡು ಕೈಯೂ ಹಿಟ್ಟಿನಲ್ಲಿ, ಕಣ್ಣು ಹಂಚಿನ ಮೇಲೆ. ಒಂದನ್ನು ಬಡಿಯುವಷ್ಟರಲ್ಲಿ ಇನ್ನೊಂದನ್ನು ತಿರುವಬೇಕು, ತಿರುವಿದ್ದಕ್ಕೆ ನೀರು ಸವರಬೇಕು. ಅತ್ತಿತ್ತ ನೋಡಿದರೆ ಕರಕು. ಮಗಳಿಗೆ ಕೊಡಲು ನನ್ನಲ್ಲಿ ಉಳಿದದ್ದು ಕಿವಿ ಒಂದೇ. ಅವಳು ನನ್ನ ಎಡಕ್ಕೆ, ಹಿಟ್ಟು ನಾದುವ ಪರಾತದ ಆಚೆ, ಪುಸ್ತಕ ನೆಲಕ್ಕಿಟ್ಟುಕೊಂಡು ಕೂರುತ್ತಿದ್ದಳು. ಅಕ್ಕೋರ ಧ್ವನಿ ಮೂರು ಸಲ ಹಾಕಿ ಕೇಳುತ್ತಿದ್ದಳು. ಆಮೇಲೆ ತಾನು ಶುರು. ನನ್ನ ಬಡಿತಕ್ಕೆ ಸರಿಯಾಗಿ, ತಟ ತಟ ತಟ, ಒಂದು ರೊಟ್ಟಿಗೆ ಎರಡು ಸಾಲು. ನಾನು ಕೈ ಜೋರು ಮಾಡಿದರೆ ಅವಳ ಓದೂ ಜೋರು. ನಿಲ್ಲಿಸಿದರೆ ಅವಳೂ ನಿಂತು, "ಯಾಕ ಅವ್ವಾ?" ಎನ್ನುತ್ತಿದ್ದಳು.

ಎಲ್ಲ ದಿನವೂ ಹೀಗೆ ಹಾಡಿನ ಹಾಗೆ ಸಾಗುತ್ತಿತ್ತು ಎಂದುಕೊಳ್ಳಬೇಡಿ. ಎಷ್ಟೋ ದಿನ ಅವಳಿಗೆ ಹಟ, ನನಗೆ ಸಿಟ್ಟು. ಏಳಕ್ಕೆ ಐದು ಕೂಡಿಸು ಎಂದರೆ ಬೆಕ್ಕಿನ ಕಡೆ ನೋಡುವುದು, ನೀರು ಬೇಕು ಎನ್ನುವುದು, ಪೆನ್ಸಿಲ್ ಮೊನೆ ಮುರಿಯಿತು ಎನ್ನುವುದು. ಒಮ್ಮೆ ಧ್ವನಿ ಕಳುಹಿಸುವಾಗ ನನ್ನ ಬಾಯಿಯೂ ಅದರಲ್ಲಿ ಸೇರಿಹೋಯಿತು. ಅವಳು ಮುದ್ದಾಗಿ ಓದುತ್ತಿದ್ದಾಳೆ, ಹಿಂದೆ ನಾನು, "ಸುಮ್ಮ ಓದ್ತಿ ಏನ, ಹಂಚಿನ ಮ್ಯಾಲ ಕುಂಡರಸ್ಲಿ ನಿನ್ನ?" ಗುಂಪಿನಲ್ಲಿದ್ದ ಎಲ್ಲ ಮನೆಗಳೂ ಕೇಳಿಸಿಕೊಂಡವು. ಅಕ್ಕೋರು ಅದಕ್ಕೂ ಹೆಬ್ಬೆಟ್ಟಿನ ಚಿತ್ರ ಒತ್ತಿ, "ಉತ್ತಮ ಓದು" ಎಂದು ಬರೆದರು. ಬಾಜೂ ಓಣಿಯ ಹೆಂಗಸೊಬ್ಬಳು ನೀರಿಗೆ ಬಂದವಳು, "ಹಂಚ ಕಾದೈತೇನ್ರೀ?" ಎಂದು ಒಂದು ತಿಂಗಳು ಕಾಡಿದಳು.

ಆದರೆ ಓದು ಮಾತ್ರ ಎಂದೂ ತೊಂದರೆ ಕೊಡಲಿಲ್ಲ. ಅದೇ ನನ್ನ ಸಮಾಧಾನ. ಲೆಕ್ಕ ಹೋಗಲಿ, ಇಂಗ್ಲಿಷ್ ಹೋಗಲಿ, ಹುಡುಗಿ ಕನ್ನಡ ಓದುತ್ತಾಳಲ್ಲ! ತಡೆ ಇಲ್ಲ, ತಪ್ಪಿಲ್ಲ, ಎಲ್ಲಿ ಉಸಿರು ಬಿಡಬೇಕೋ ಅಲ್ಲೇ ಬಿಡುವುದು. ನೋಟ್‌ಬುಕ್ಕೂ ನೋಡುವಂತಿತ್ತು. ರಂಗೋಲಿ ಹಾಕುವವರ ಹಾಗೆ ಒಂದೊಂದು ಅಕ್ಷರವನ್ನೂ ದುಂಡಗೆ ಬರೆಯುತ್ತಿದ್ದಳು. ಗಂಡ ಅವಳ ಧ್ವನಿಯನ್ನು ಫೋನಿನಲ್ಲಿ ಇಟ್ಟುಕೊಂಡು ಗೋಕಾಕದ ಖಾನಾವಳಿಯವರಿಗೆಲ್ಲ ಕೇಳಿಸುತ್ತಿದ್ದರು. ಮನೆಗೆ ಬಂದು, "ಕಾಕಾಗೋಳು ಏನಂದ್ರು ಗೊತ್ತೇನು? ಸಾಲಿ ಇಲ್ದ ಇಷ್ಟ ಓದ್ತಾಳ, ಸಾಲಿ ಇದ್ರ ಏನಾಕ್ಕಿದ್ಲೋ ಅಂದ್ರು," ಎಂದು ಮಗಳನ್ನು ಎತ್ತಿಕೊಳ್ಳುತ್ತಿದ್ದರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಹತ್ತನೆಯ ತರಗತಿ ಮುಗಿಸಿ ಮದುವೆಯಾಗಿ ಬಂದ ನನಗೆ ನನ್ನ ಓದಿನ ಬಗ್ಗೆ ಯಾರೂ ಅಂಥ ಮಾತು ಆಡಿರಲಿಲ್ಲ.

ಎರಡನೆಯ ವರ್ಷ ಮಳೆ ಹಿಂದೆ ಸರಿದ ಮೇಲೆ ಒಂದು ದಿನ ಅಕ್ಕೋರು ಫೋನ್ ಮಾಡಿದರು. ಗಂಡ ಊಟಕ್ಕೆ ಕೂತಿದ್ದರು, ಸ್ಪೀಕರ್ ಹಾಕಿದರು.

"ನಮಸ್ಕಾರ್ರಿ. ಇನ್ನ ಹತ್ತ ದಿನಕ್ಕ ಸಣ್ಣ ಮಕ್ಕಳ ಸಾಲಿ ಚಾಲೂ ಆಗ್ತೈತ್ರಿ. ಅವತ್ತ ತೋರಣಾ ಕಟ್ಟಿ ಮಕ್ಕಳನ್ನ ಕರ್ಕೊಳ್ಳೂದು ಮಾಡೇವಿ. ಊರ ಹಿರ್ಯಾರೆಲ್ಲಾ ಬರ್ತಾರ. ಮನ್ಯಾಗ ಕುಂತ ಮಕ್ಕಳು ಏನ ಕಲತಾರಂತ ತೋರಸ್ಬೇಕಲ್ರಿ, ನಿಮ್ಮ ಹುಡಿಗಿ ಕಡಿಂದ ಒಂದ ಪಾಠ ಓದಸ್ತೇನಿ. ನಮ್ಮ ಗುಂಪಿನ್ಯಾಗ ಅಕಿ ಹಂಗ ಓದಾವ್ರ ಯಾರೂ ಇಲ್ರಿ."

ಗಂಡ ಹಿಗ್ಗಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಕೈ ತೊಳೆಯದೆಯೇ ಹೊರಗೆ ಹೋಗಿ ಎದುರು ಮನೆಯವರಿಗೆ ಹೇಳಿ ಬಂದರು. ಮಗಳು ಅಂಗಳದಲ್ಲಿ ಒಂದು ಸುತ್ತು ಕುಣಿದಳು. ಅತ್ತೆ ಅವಳ ಕೆನ್ನೆ ಸವರಿ ಲಟಿಕೆ ಮುರಿದರು.

ಮರುದಿನ ನಾನು ಒಂದು ಅಪರೂಪದ ಕೆಲಸ ಮಾಡಿದೆ. ಮಧ್ಯಾಹ್ನದ ಸರತಿಯ ನಡುವೆ ಉರಿ ಸಣ್ಣ ಮಾಡಿ, ಕೈ ತೊಳೆದು, ಒರೆಸಿಕೊಂಡು, ಮಗಳ ಪಕ್ಕ ಕೂತೆ. ಊರ ಮುಂದೆ ಓದುವವಳು, ಒಮ್ಮೆ ಹತ್ತಿರ ಕೂತು ನೋಡೋಣ ಎನಿಸಿತು. "ಕುಂಬಾರನ ಪಾಠ ಓದು," ಎಂದೆ. ಅದು ಅವಳ ಮೆಚ್ಚಿನ ಪಾಠ, ಹಿಂದಿನ ವರ್ಷದ ಪುಸ್ತಕದ್ದು.

ಓದಿದಳು. ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಕುಂಬಾರ ಮಣ್ಣು ತಂದ, ತುಳಿದ, ಗಡಿಗೆ ಮಾಡಿದ. ಪುಟ ಮುಗಿಯಿತು, ತಿರುವಿದಳು. ಗಡಿಗೆಗಳನ್ನು ಕತ್ತೆಯ ಮೇಲೆ ಹೇರಿದ, ಸಂತೆಗೆ ಹೊರಟ. ನನ್ನ ಕಣ್ಣು ಅವಳ ಬೆರಳಿನ ಮೇಲಿತ್ತು. ಬೆರಳಿನ ಮೇಲಿನ ಸಾಲಿನಲ್ಲಿ ಕತ್ತೆಯೇ ಇರಲಿಲ್ಲ. ಅಲ್ಲಿ ಮಳೆ ಬಂದು ಗಡಿಗೆ ನೆನೆಯುತ್ತಿದ್ದವು. ಅವಳು ಕತ್ತೆ, ಸಂತೆ ಎನ್ನುತ್ತಲೇ ಇದ್ದಳು, ಬೆರಳು ಮಳೆಯ ಮೇಲೆ ಓಡುತ್ತಲೇ ಇತ್ತು.

ಪುಸ್ತಕ ಕೈಗೆ ತೆಗೆದುಕೊಂಡೆ. ತಿರುವಿದ ಹಾಳೆ ದಪ್ಪಗಿತ್ತು. ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಂದೋ ನನ್ನ ಪರಾತದಿಂದ ಸಿಡಿದ ಹಿಟ್ಟು ನಡುವೆ ಬಿದ್ದು ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಕತ್ತೆಯೂ ಸಂತೆಯೂ ಒಳಗಿನ ಎರಡು ಪುಟಗಳಲ್ಲಿದ್ದವು. ಎಷ್ಟು ತಿಂಗಳಿಂದ ಅವು ಮುಚ್ಚಿದ್ದವೋ ದೇವರೇ ಬಲ್ಲ. ಕಾಣದ ಆ ಎರಡು ಪುಟಗಳನ್ನು ನನ್ನ ಮಗಳು ಒಂದಕ್ಷರ ಬಿಡದೆ ಓದುತ್ತಿದ್ದಳು.

ಒಂದು ಪದದ ಮೇಲೆ ಬೆರಳಿಟ್ಟು, "ಇದೇನೈತಿ?" ಎಂದೆ. ಅವಳು ಪಾಠವನ್ನು ಮೊದಲಿನಿಂದ ಹೇಳತೊಡಗಿದಳು, ಹೇಳುತ್ತ ಹೇಳುತ್ತ ಆ ಜಾಗ ಮುಟ್ಟುವ ಲೆಕ್ಕದಲ್ಲಿ.

"ಮೊದಲಿಂದ ಬ್ಯಾಡ. ಇದೊಂದ ಹೇಳು."

ಚಿತ್ರದ ಕಡೆ ನೋಡಿದಳು. ನನ್ನ ಮುಖ ನೋಡಿದಳು. "ಗಡಿಗಿ?" ಎಂದಳು.

ಅದು "ಮಳೆ" ಎಂಬ ಪದ. ಎರಡೇ ಅಕ್ಷರ.

ನನ್ನ ಕೈ ಎದ್ದೇಬಿಟ್ಟಿತು. ಬೆನ್ನಿಗೆ ಎರಡು ಹಾಕಿದೆ. "ಒಂದೂವರೆ ವರ್ಷ ನನ್ನ ಕಣ್ಣಿಗಿ ಮಣ್ಣ ಹಾಕಿದೇನ? ಕಳ್ಳಿ!" ಎಂದು ಕೂಗಿದೆ. ದಿನಕ್ಕೆ ಅಷ್ಟು ರೊಟ್ಟಿ ಬಡಿಯುವ ಕೈ ಅದು, ಮೆತ್ತಗಿರುವುದಿಲ್ಲ. ಈಗಲೂ ಆ ಸದ್ದು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮಗು ಅತ್ತಿತು, ಆದರೆ ಅಳುವಿಗಿಂತ ಹೆಚ್ಚು ಅದಕ್ಕೆ ಆಶ್ಚರ್ಯವಾಗಿತ್ತು. ತಾನೇನು ಮಾಡಿದೆ ಎಂಬುದು ಅದಕ್ಕೆ ತಿಳಿದೇ ಇರಲಿಲ್ಲ.

"ಹಿಂಗ ಅಲ್ಲೇನವ್ವಾ ಓದೂದು?" ಎಂದಳು ಬಿಕ್ಕುತ್ತ. "ಆಯಿನೂ ಹಿಂಗ ಓದ್ತಾಳಲ್ಲ!"

ಆಯಿ ಎಂದರೆ ನನ್ನ ಅತ್ತೆ. ಅವರು ಬಾಗಿಲ ಹತ್ತಿರ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೊರ ಆಡುವುದು ನಿಂತಿತು.

ನಮ್ಮ ಮನೆಯಲ್ಲಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಮೇಲೆ ಅತ್ತೆ ವಚನದ ಪುಸ್ತಕ ತೊಡೆಯ ಮೇಲೆ ತೆರೆದಿಟ್ಟುಕೊಳ್ಳುವುದು ವಾಡಿಕೆ. ಸಾಲಿನ ಕೆಳಗೆ ಬೆರಳು ಸರಿಸುತ್ತ, ಕಂಚಿನ ಧ್ವನಿಯಲ್ಲಿ ಒಂದರ ಹಿಂದೆ ಒಂದು ವಚನ. ಮಗಳು ನಡೆಯಲು ಕಲಿತಾಗಿನಿಂದ ಅವರ ಮಗ್ಗುಲಲ್ಲಿ ಕೂತು ಅದನ್ನು ನೋಡುತ್ತ, ಜೊತೆಗೆ ಹೇಳುತ್ತ ಬೆಳೆದಿದ್ದಾಳೆ. ಓದಿದ ಹೆಂಗಸು ಎಂದು ಓಣಿಯಲ್ಲಿ ಅತ್ತೆಗೆ ಮರ್ಯಾದೆ. ಆದರೆ ರೇಷನ್ ಚೀಟಿ ಬಂದರೆ, "ಕಣ್ಣಿನ ಚಾಳೀಸ ಎಲ್ಲಿ ಇಟ್ನೋ, ನೀನ ನೋಡವ್ವಾ," ಎನ್ನುತ್ತಿದ್ದರು. ಮದುವೆಯ ಕಾರ್ಡು ಬಂದರೂ ಅದೇ ಮಾತು. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಅವರ ಜೊತೆ ಬದುಕಿದ್ದೇನೆ. ನನಗೆ ಹೊಳೆದೇ ಇರಲಿಲ್ಲ.

ಅವರ ಮುಖ ನೋಡಿದೆ. ಅವರು ಜೋಳದ ಕಡೆ ನೋಡಿದರು. ಹಂಚಿನ ಮೇಲೆ ಬಿಟ್ಟಿದ್ದ ರೊಟ್ಟಿ ಸುಟ್ಟು ಹೊಗೆ ಎದ್ದಿತು, ನಾನು ಎದ್ದು ಅದನ್ನು ತೆಗೆದು ಹಾಕಿದೆ.

ಸಂಜೆ ಗಂಡನಿಗೆ ಮಗಳ ವಿಷಯ ಹೇಳಿದೆ, ಅತ್ತೆಯ ವಿಷಯ ಹೇಳಲಿಲ್ಲ. ಅವರು ತಲೆ ಕೆರೆದುಕೊಂಡರು. ಆಮೇಲೆ, "ಈಗೇನ ಮಾಡೂದು? ಊರಿಗೆಲ್ಲಾ ಹೇಳೇನಿ. ಅವತ್ತೊಂದ ದಿನ ಬಾಯಿಪಾಠ ಮಾಡಿ ಹೇಳ್ಲಿ. ಆಮ್ಯಾಲ ಸಾಲ್ಯಾಗ ಹೆಂಗೂ ಕಲಸ್ತಾರ," ಎಂದರು. ಅತ್ತೆಯೂ ಗೋಡೆಯ ಕಡೆ ನೋಡುತ್ತ, "ಹೌದು, ಯಾರಿಗಿ ಗೊತ್ತಾಕ್ಕೈತಿ," ಎಂದರು.

ನಿಜ ಹೇಳುತ್ತೇನೆ, ನನಗೂ ಅದೇ ಸರಿ ಕಂಡಿತು. ನನಗೆ ಸಾಕಾಗಿ ಹೋಗಿತ್ತು. ಮಣಿಕಟ್ಟು ಊದಿತ್ತು. ಮತ್ತೆ ಅ ಆ ಇ ಈ ಎಂದು ಮೊದಲಿನಿಂದ ಶುರು ಮಾಡುವುದನ್ನು ನೆನೆದರೇ ಅಳು ಬರುತ್ತಿತ್ತು. ಬಾಯಿಪಾಠ ಎಂದರೆ ಮೂರು ದಿನದ ಕೆಲಸ. ಹುಡುಗಿ ಚೆಂದ ಹೇಳುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನಾನು ನನ್ನ ರೊಟ್ಟಿ ನೋಡಿಕೊಳ್ಳುತ್ತೇನೆ. ಆಯಿತು ಎಂದು ತಲೆ ಅಲ್ಲಾಡಿಸಿದೆ.

ಮರುದಿನ ಬೆಳಿಗ್ಗೆ ಗಂಡ ಡಬ್ಬಿ ಕಟ್ಟಿಕೊಂಡು ಹೋದ ಮೇಲೆ ಅತ್ತೆ ನಾನು ಹಿಟ್ಟು ಸಾಣಿಸುವಲ್ಲಿಗೆ ಬಂದು ಕೂತರು. ಆ ದಿನ ಪೂಜೆಯ ನಂತರ ಪುಸ್ತಕ ತೆಗೆದಿರಲಿಲ್ಲ.

"ನಾ ಈ ಮನಿಗಿ ಬಂದಾಗ ಸಣ್ಣಾಕಿ," ಎಂದರು. "ನನ್ನ ತವರೂರು ದಡ್ಡಿಯೊಳಗ ನಮ್ಮಪ್ಪ ಬಾಯಿಲೇ ವಚನ ಕಲಿಸಿದ್ದ. ಸಾಲಿಗಿ ಕಳಸಲಿಲ್ಲ. ಬಂದ ಮೂರನೇ ದಿನಕ್ಕ ನಮ್ಮ ಅತ್ತಿಯವ್ರು ಕೈಯಾಗ ಪುಸ್ತಕ ಕೊಟ್ಟು ಓದವ್ವಾ ಅಂದ್ರು. ತಗದ ಹಿಡದ್ನಿ, ಬಂದದ್ದ ಹೇಳಿದ್ನಿ. ಓದಿದ ಸೊಸಿ ಬಂದಾಳಂತ ಓಣಿ ತುಂಬ ಹೇಳಿ ಬಂದ್ರು. ಆಮ್ಯಾಲ ಹೆಂಗ ಬರೂದಿಲ್ಲ ಅನ್ಲಿ ಹೇಳು?"

"ಮಾವನವ್ರಿಗಿ ಗೊತ್ತಿತ್ತೇನ್ರಿ?"

"ಹೋಗೂತನಕಾ ಗೊತ್ತಾಗಲಿಲ್ಲ. ನಿನ್ನ ಗಂಡಗೂ ಗೊತ್ತಿಲ್ಲ."

ಜರಡಿ ಕೆಳಗಿಟ್ಟೆ. ಅವರು ನನ್ನ ಕಡೆ ನೋಡದೆ ಮಾತಾಡುತ್ತಿದ್ದರು.

"ಒಮ್ಮಿ ದಡ್ಡಿಯಿಂದ ಒಬ್ಬಾಕೀನ ಬರಾಕತ್ತಿದ್ನಿ. ಹುಕ್ಕೇರಿ ಸ್ಟ್ಯಾಂಡಿನ್ಯಾಗ ಗೋಕಾಕದ ಬಸ್ಸಂತ ತಿಳದ ಸಂಕೇಶ್ವರದ್ದ ಹತ್ತಿ ಕುಂತ್ನಿ. ಕಂಡಕ್ಟರ ಬೋರ್ಡ ಕಾಣಸ್ಲಿಲ್ಲೇನಬೇ ಅಂತ ಎಲ್ಲಾರ ಮುಂದ ಬೈದ. ಅವತ್ತಿಂದ ಒಬ್ಬಾಕೀನ ಬಸ್ಸ ಹತ್ತಿಲ್ಲ ನೋಡು. ನಮ್ಮವ್ವ ಹೋದ ದಿನ ಸುದ್ದಿ ಬಂತು. ಗಂಡಸರೆಲ್ಲಾ ಹೊಲಕ್ಕ ಹೋಗಿದ್ರು. ಬಸ್ಸ ಕಣ್ಣ ಮುಂದ ಹೋದ್ವು. ಯಾರರೆ ಜೋಡಿ ಬರ್ಲಿ ಅಂತ ಕಾದ್ನಿ. ನಾ ಮುಟ್ಟೂದ್ರಾಗ ಮಣ್ಣ ಆಗಿ ಹೋಗಿತ್ತು. ನಮ್ಮವ್ವನ ಮಾರಿ ನೋಡಲಿಲ್ಲ ನಾ."

ಸೆರಗಿನಿಂದ ಮೂಗು ಒರೆಸಿಕೊಂಡರು. ತವರಿಗೆ ಹೋಗಬೇಕೆಂದರೆ ಯಾರಾದರೂ ಜೊತೆಗೆ ಬರಲೇಬೇಕು ಎಂದು ಅವರು ಹಟ ಹಿಡಿದಾಗಲೆಲ್ಲ ನಾನು ಒಳಗೊಳಗೆ, ಏನು ದೊಡ್ಡಸ್ತಿಕೆ ಈ ಮುದುಕಿಗೆ, ಎಂದು ಗೊಣಗಿದವಳು.

"ನಿನ್ನಿ ಯಾರಿಗಿ ಗೊತ್ತಾಕ್ಕೈತಿ ಅಂದ್ನೆಲ್ಲ," ಎಂದರು. "ಯಾರಿಗೂ ಗೊತ್ತಾಗೂದಿಲ್ಲ. ಅದ ಘಾತ ಆಗೂದು. ಇಷ್ಟ ಮಂದಿ ಮುಂದ ಒಮ್ಮಿ ಶಾಣ್ಯಾಕಿ ಅನಿಸ್ಕೊಂಡ್ಲಂದ್ರ ಅದು ಮುಂದ ಎಂದೂ ಬಾಯಿ ಬಿಡೂದಿಲ್ಲ. ಬ್ಯಾಡವ್ವಾ. ನನ್ನಂಗ ಮಾಡಬ್ಯಾಡ ಆ ಕೂಸಿನ್ನ."

ಇದನ್ನು ಬರೆಯುವ ಮೊದಲು ಅತ್ತೆಯನ್ನು ಕೇಳಿದ್ದೇನೆ. "ಬರಿ, ನಾ ಏನ ಓದಾಕ ಹೋಗ್ತೇನಿ?" ಎಂದು ನಕ್ಕರು. ಮಗನಿಗೆ ಆಮೇಲೆ ಎಂದೋ ಅವರೇ ಹೇಳಿದ್ದಾರೆ.

ಆ ದಿನ ಮಧ್ಯಾಹ್ನದ ಸರತಿ ಬಿಟ್ಟೆ. ಗಂಡ ಊಟಕ್ಕೆ ಬಂದಾಗ, "ಮೂಡಲಗಿಗಿ ಕರ್ಕೊಂಡ ನಡೀರಿ, ಅಕ್ಕೋರ ಮನಿಗಿ," ಎಂದೆ. "ಹುಚ್ಚ ಹಿಡದೈತೇನ ನಿನಗ? ಖಾನಾವಳಿಯವ್ರಿಗಿ ಏನ ಹೇಳ್ಲಿ?" ಎಂದರು. "ಏನರೆ ಹೇಳ್ರಿ. ನನಗ ಜ್ವರ ಅನ್ರಿ." ಬೈಕಿಗೆ ಹಿಂದೆ ಕಟ್ಟಿದ್ದ ಖಾಲಿ ಡಬ್ಬಿಗಳು ದಾರಿಯುದ್ದಕ್ಕೂ ಗಡಗಡ ಎನ್ನುತ್ತಿದ್ದವು.

ಅಕ್ಕೋರನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಫೋನಿನ ಧ್ವನಿ ಕೇಳಿ ದೊಡ್ಡ ಹೆಂಗಸು ಎಂದುಕೊಂಡಿದ್ದೆ. ನನಗಿಂತ ಚಿಕ್ಕವರು. ಸೊಂಟದ ಮೇಲೆ ಕೂಸು, ಕಣ್ಣ ಕೆಳಗೆ ಕಪ್ಪು. ಕೂತುಕೊಳ್ಳಿ ಎನ್ನುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ: ಅಂಟಿದ ಹಾಳೆ, ಹೊಡೆದದ್ದು, ನನ್ನ ಮಗಳಿಗೆ "ಮಳೆ" ಎಂದು ಓದಲು ಬಾರದ್ದು. ಅವರು ಬೈಯುತ್ತಾರೆ ಎಂದು ಕಾದೆ.

ಅವರು ಕೂಸನ್ನು ನೆಲಕ್ಕೆ ಬಿಟ್ಟು ಕುರ್ಚಿಯ ಮೇಲೆ ಕುಸಿದರು. "ಖರೆ ಹೇಳ್ಲೇನ್ರಿ? ಇಷ್ಟ ಮಕ್ಕಳ ಧ್ವನಿ ದಿನಾ ಬರ್ತಿದ್ವು. ಈ ಕೂಸ ಒಂದ ಕಡಿ ಅಳೂದು, ಒಂದ ಕಡಿ ಒಲಿ. ಮೊದಲ ಎರಡ ಸಾಲ ಕೇಳಿ ಹೆಬ್ಬೆಟ್ಟ ಒತ್ತಿ ಬಿಡ್ತಿದ್ನಿರಿ. ಅಕಿ ಧ್ವನಿ ಅಂದ್ರ ಅಷ್ಟೂ ಕೇಳ್ತಿರಲಿಲ್ಲ, ಅಕಿ ಹೆಂಗೂ ಚೊಲೋ ಓದ್ತಾಳ ಅಂತ." ಆಮೇಲೆ, "ಹಂಗಾದ್ರ ಉಳದಾವ್ರು ಎಷ್ಟ ಮಂದಿ ಹಿಂಗ ಅದಾರೋ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಇಬ್ಬರೂ ದಣಿದ ಹೆಂಗಸರು, ಯಾರು ಯಾರಿಗೆ ಸಮಾಧಾನ ಹೇಳಬೇಕು?

"ಬ್ಯಾರೆ ಹುಡಿಗಿನ್ನ ನಿಂದ್ರಸ್ಲೇನ್ರಿ? ಯಾರಿಗೂ ಏನೂ ಹೇಳೂದಿಲ್ಲ," ಎಂದರು ಕೊನೆಗೆ.

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. "ಬ್ಯಾಡ್ರಿ. ಅಕಿನ ಓದ್ಲಿ. ಎಷ್ಟ ಬರ್ತೈತೋ ಅಷ್ಟ ಓದ್ಲಿ. ಆದ್ರ ನೀವ ಇನ್ನೂ ಧ್ವನಿ ಕಳಸಲಾರದ ಪಾಠ ಕೊಡ್ರಿ. ಯಾವ್ದಂತ ನನಗೂ ಹೇಳಬ್ಯಾಡ್ರಿ."

ಹೊರಗೆ ನಿಂತಿದ್ದ ಗಂಡನಿಗೆ ಇದೆಲ್ಲ ಕೇಳಿಸಿತ್ತು. ಬೈಕು ಶುರು ಮಾಡುವ ಮುಂಚೆ, "ಮಾನಾ ಹೋಗೂದು ನಂದು," ಎಂದರು. "ಹೋಗ್ಲಿ ಬಿಡ್ರಿ," ಎಂದೆ. ಮೊದಲ ಸಲ ಅವರಿಗೆ ಹಾಗೆ ಹೇಳಿದ್ದು.

ಉಳಿದದ್ದು ಎಂಟು ದಿನ. ಮಧ್ಯಾಹ್ನ ಒಂದು ತಾಸು ಒಲೆ ಆರಿಸಿ ಅವಳ ಪಕ್ಕ ಕೂರುತ್ತಿದ್ದೆ. ಬಡಿತ ನಿಂತ ಅಡುಗೆಮನೆ ನನಗೇ ಅಪರಿಚಿತವೆನಿಸುತ್ತಿತ್ತು. ಫೋನು ಬಂದ್, ಧ್ವನಿ ಬಂದ್. ಒಂದೊಂದೇ ಅಕ್ಷರ. ನಾನು ದೇವತೆಯೇನಲ್ಲ, ಆ ಎಂಟು ದಿನವೂ ಹಲ್ಲು ಕಡಿದೆ, ಸ್ಲೇಟು ಎತ್ತಿ ಕುಕ್ಕಿದೆ, ಎರಡು ಸಲ ಎದ್ದು ಹಿತ್ತಲಿಗೆ ಹೋಗಿ ನಿಂತು ಬಂದೆ. ಕೈ ಮಾತ್ರ ಎತ್ತಲಿಲ್ಲ. ಅವಳಿಗೆ ಅಕ್ಷರಗಳು ಅಷ್ಟು ಮರೆತಿರಲಿಲ್ಲ, ಬರೆಯುತ್ತ ಬಂದಿದ್ದಳಲ್ಲ. ಅವು ಸದ್ದು ಮಾಡುತ್ತವೆ ಎಂಬುದೇ ಹೊಸದು. ಕಾಗುಣಿತ ಹೇಗೋ ಹಿಡಿದಳು. ಒತ್ತಕ್ಷರ ಬಂದರೆ ಮಾತ್ರ ಗಾಡಿ ನಿಂತಂತೆ.

ಐದನೆಯ ದಿನ ಪುಸ್ತಕವನ್ನು ಅತ್ತ ತಳ್ಳಿ ಅತ್ತಳು. "ಮೊದಲ ನಾ ಶಾಣ್ಯಾಕಿ ಇದ್ನಿ. ಎಲ್ಲಾರೂ ಚೊಲೋ ಓದ್ತಿ ಅಂತಿದ್ರು. ನೀ ಕೈ ತೊಳ್ಕೊಂಡ ಬಂದ ಕುಂತ ಮ್ಯಾಲ ನಾ ಪೆದ್ದಿ ಆಗೇನಿ."

ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. "ಪೆದ್ದಿ ನಾನವ್ವಾ, ನೀ ಅಲ್ಲ," ಎಂದೆ. "ಬ್ಯಾಡಂದ್ರ ಬಿಡು. ಅಕ್ಕೋರಿಗಿ ಹೇಳ್ತೇನಿ, ಬ್ಯಾರೆದಾವ್ರು ಓದ್ತಾರ." ಅವಳು ಮೂಗು ಒರೆಸಿಕೊಂಡು ಪುಸ್ತಕವನ್ನು ತಾನೇ ಎಳೆದುಕೊಂಡಳು. ಬಾಗಿಲಲ್ಲಿ ಕೂತಿದ್ದ ಅತ್ತೆ ಜೋಳ ಹಸನು ಮಾಡುವುದು ಬಿಟ್ಟು ಸ್ವಲ್ಪ ಹತ್ತಿರ ಸರಿದರು. "ಕೆಳಗ ಜೋತ ಬಿದ್ದೈತೆಲ್ಲ, ಅದೇನದು?" ಎಂದು ಮೊಮ್ಮಗಳನ್ನು ಕೇಳಿದರು. ಅವಳು ದೊಡ್ಡವರ ಗತ್ತಿನಲ್ಲಿ, "ಅದು ಒತ್ತು ಆಯಿ, ಭಾಳ ಬಿರಸ ಇರ್ತೈತಿ," ಎಂದಳು.

ಶಾಲೆ ತೆರೆದ ದಿನ ಬಾಗಿಲಿಗೆ ಮಾವಿನ ತೋರಣ, ಬಲೂನು. ಮಕ್ಕಳ ಹಳೆಯ ಅಂಗಿಗಳೆಲ್ಲ ಮೊಣಕೈವರೆಗೆ ಏರಿದ್ದವು. ಹಿರಿಯರಿಗೆ ಕುರ್ಚಿ ಹಾಕಿದ್ದರು. ನಾವು ತಾಯಂದಿರು ಮಾಸ್ಕು ಕಟ್ಟಿಕೊಂಡು ಗೇಟಿನ ಹತ್ತಿರ. ಗಂಡ ನನ್ನಿಂದ ತುಸು ದೂರ, ಬೇವಿನ ಗಿಡದ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ ನಿಂತಿದ್ದರು. ಭಾಷಣ ಎರಡು ಆದವು. ಅಕ್ಕೋರು ನನ್ನ ಮಗಳನ್ನು ಕರೆದು ಮುಂದೆ ನಿಲ್ಲಿಸಿ, ಪುಸ್ತಕ ತೆರೆದು ಕೈಗೆ ಕೊಟ್ಟರು. "ಐದು ಸಾಲು ಓದುತ್ತಾಳೆ," ಎಂದರು ಮೈಕಿನಲ್ಲಿ. ಅವರ ದನಿ ಸಣ್ಣದಾಗಿತ್ತು.

ಮಗಳು ಬೆರಳು ಇಟ್ಟಳು. "ಕೆ... ರೆ... ಯ... ಕೆರೆಯ..." ಎಂದಳು. ನಿಂತಳು. "ದಂ... ಡೆ... ಗೆ..." ಮೈಕು ಅವಳ ಉಸಿರನ್ನೂ ಕೇಳಿಸುತ್ತಿತ್ತು. ಕುರ್ಚಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ಯಾರೋ, "ಇಕೀನ ಏನ ಫೋನಿನ್ಯಾಗ ಓದ್ತಿದ್ದಾಕಿ?" ಎಂದು ಪಿಸುಗುಟ್ಟಿದರು. ನನ್ನ ಕಿವಿ ಕಾದ ಹಂಚಾಯಿತು. ಮುಂದಿನ ಪದ "ಬೆಳ್ಳಕ್ಕಿ". ಒಂದೇ ಪದದಲ್ಲಿ ಎರಡು ಒತ್ತು.

"ಬೆ... ಳ... ಬೆಳ..." ತಲೆ ಎತ್ತಿ ನನ್ನನ್ನು ಹುಡುಕಿದಳು. ಕಣ್ಣು ತುಂಬಿತ್ತು. ಕೆರೆಯ ದಂಡೆ, ಬೆಳ ಎಂದ ಕೂಡಲೇ ಪದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತು ಅಂದಿದ್ದರೆ ಅವಳಿಗೆ ಕೇಳುತ್ತಿತ್ತು, ಕೇಳಿ ಕೇಳಿಯೇ ಕಲಿತ ಕಿವಿ ಅದು. ಮಾಸ್ಕಿನ ಒಳಗೆ ತುಟಿ ಕಚ್ಚಿಕೊಂಡೆ. ಅವಳು ಮತ್ತೆ ಪುಸ್ತಕಕ್ಕೆ ಕಣ್ಣು ಇಳಿಸಿದಳು. ಎಷ್ಟು ಹೊತ್ತಾಯಿತೋ, ಎಲ್ಲೋ ಒಂದು ಟ್ರ್ಯಾಕ್ಟರ್ ಹಾದು ಹೋಗಿ ಅದರ ಸದ್ದೂ ಅಡಗಿತು.

"ಬೆಳ್... ಳ... ಬೆಳ್ಳ... ಕ್ಕಿ. ಬೆಳ್ಳಕ್ಕಿ! ಬಂ... ತು."

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಅದು ಚಪ್ಪಾಳೆಯ ಜಾಗ ಎಂದು ಯಾರಿಗೂ ಗೊತ್ತಾಗಲಿಲ್ಲ. ಹಾಗೆಯೇ ಎರಡನೆಯ ಸಾಲು, ಮೂರನೆಯದು, ನಾಲ್ಕನೆಯದು. ಮಕ್ಕಳು ಕೂತಲ್ಲೇ ಹೊಯ್ದಾಡತೊಡಗಿದರು. ಕುರ್ಚಿಯಿಂದ ಒಬ್ಬ ಹಿರಿಯರು ಗಡಿಯಾರ ನೋಡಿಕೊಂಡು ಕೆಮ್ಮಿದರು. ಅಕ್ಕೋರು ಅವಳ ಹೆಗಲ ಮೇಲೆ ಕೈಯಿಟ್ಟು, "ಸಾಕವ್ವಾ, ಚೊಲೋ ಆತು, ಹೋಗಿ ಕೂಡು," ಎಂದು ಪುಸ್ತಕಕ್ಕೆ ಕೈ ಚಾಚಿದರು.

ಮಗಳು ಪುಸ್ತಕವನ್ನು ಎದೆಗೆ ಅವಚಿ ಹಿಡಿದಳು. "ಇಲ್ರೀ ಅಕ್ಕೋರ," ಎಂದಳು, ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ. "ಇನ್ನೂ ಒಂದ ಸಾಲ ಐತ್ರಿ. ನಾ ಓದ್ತೇನಿ."

ಬೇವಿನ ಗಿಡದ ಕೆಳಗಿದ್ದ ಗಂಡ ಮುಂದೆ ಬಂದು, ಎಲ್ಲರಿಗೂ ಕಾಣುವ ಹಾಗೆ ನನ್ನ ಪಕ್ಕದಲ್ಲಿ ನಿಂತರು. ಅವಳು ಆ ಸಾಲು ಮುಗಿಸುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.